ಉಣಕಲ್ ಕೆರೆಗೆ ಹಾಯಿ ಬೇಕು, ಅದಕ್ಕೂ ಮೊದಲು ನೀರು ಶುದ್ಧವಾಗಬೇಕು

ಉಣಕಲ್ ಕೆರೆಯಲ್ಲಿ ದೋಣಿವಿಹಾರ ಅಂದರೆ ಮಂದಿಗೆ ಗೊತ್ತಿರುವುದು ಕಾಲಿನಿಂದ ತುಳಿಯುವ ದೋಣಿ, ಇಲ್ಲವೇ ಯಂತ್ರದ ದೋಣಿ. ಒಂದು ಸುತ್ತು ಹಾಕಿ ಬಂದರೆ ಆಟ ಮುಗಿಯಿತು. ಗಾಳಿಯನ್ನೇ ನಂಬಿ ನಡೆಯುವ ಹಾಯಿದೋಣಿ ಈ ಅವಳಿ ನಗರದ ಮಕ್ಕಳಿಗೆ ಚಿತ್ರದಲ್ಲಿ ಕಂಡದ್ದೇ ಹೆಚ್ಚು. ಯಾಕೆ ಹೀಗೆ?

ಸಮುದ್ರವಿಲ್ಲ ಎಂಬುದು ಬರೀ ಸಬೂಬು. ಮಧ್ಯಪ್ರದೇಶಕ್ಕೆ ಎಲ್ಲಿದೆ ಸಮುದ್ರ? ಆದರೂ ಅಲ್ಲಿಯ ದೇವಾಸ ಜಿಲ್ಲೆಯ ರೈತನ ಮಗಳು ನೇಹಾ ಠಾಕೂರ ಭೋಪಾಲದಲ್ಲಿ ಹಾಯಿ ನಡೆಸುವುದನ್ನು ಕಲಿತು, 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಳು. ಆಗ ಆಕೆಗೆ 17 ವರ್ಷ.

ಆಕೆ ನಡೆಸಿದ್ದು ಲೇಸರ್ ಜಾತಿಯ ದೋಣಿ. ಕೆನಡಾದ ಬ್ರೂಸ್ ಕರ್ಬಿ ರೂಪಿಸಿದ ಈ ಫೈಬರ್‌ಗ್ಲಾಸ್ ದೋಣಿ 1971ರಲ್ಲಿ ಪೇಟೆಗೆ ಬಂತು. 1996ರಲ್ಲಿ ಒಲಿಂಪಿಕ್ ಸೇರಿತು. ಉದ್ದ ಸುಮಾರು 14 ಅಡಿ, ಒಡಲಿನ ತೂಕ 60 ಕಿಲೋದೊಳಗೆ. ಕಾರಿನ ಮೇಲೆ ಕಟ್ಟಿ ಒಯ್ಯಬಹುದು. ಎಣ್ಣೆ ಬೇಡ, ಒಬ್ಬರೇ ನಡೆಸಬಹುದು. ದೊಡ್ಡವರಿಗೆ ದೊಡ್ಡ ಹಾಯಿ, ಹುಡುಗರಿಗೆ ಅದೇ ಒಡಲಿಗೆ ಸಣ್ಣ ಹಾಯಿ. ರವಿವಾರದ ಮೋಜಿಗೂ ಅದೇ, ಪಂದ್ಯಕ್ಕೂ ಅದೇ. ಇನ್ನೂ ಚಿಕ್ಕವರಿಗೆ ಎಂಟಡಿಯೂ ಇಲ್ಲದ ಆಪ್ಟಿಮಿಸ್ಟ್ ಇದೆ.

ಗಾಳಿಗೆ ಇಲ್ಲಿ ಬರವಿಲ್ಲ. ಗದಗ ಸೀಮೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳೇನು ಸುಮ್ಮನೆ ತಿರುಗುತ್ತವೆಯೇ? ಸುಮಾರು 200 ಎಕರೆ ಹರವಿನ ಕೆರೆಯೂ ಇದೆ. ಬರ ಇರುವುದು ಶುದ್ಧ ನೀರಿಗೆ. ಗಟಾರದ ನೀರು ಸೇರಿತು, ಅಂತರಗಂಗೆ ಹಬ್ಬಿತು ಎಂಬ ದೂರು ಈ ಕೆರೆಗೆ ಹೊಸದಲ್ಲ.

ಹಾಯಿದೋಣಿ ಗಾಳಿಗೆ ಪಕ್ಕಕ್ಕೆ ಜಾರದಂತೆ ಅದರ ಹೊಟ್ಟೆಯಿಂದ ಒಂದು ಹಲಗೆ ನೀರಿಗೆ ಇಳಿದಿರುತ್ತದೆ, ಹಿಂದೆ ಚುಕ್ಕಾಣಿ. ಅಂತರಗಂಗೆಯ ಬೇರು ಎರಡಕ್ಕೂ ಸುತ್ತಿಕೊಂಡರೆ ದೋಣಿ ಕೆಸರಿನಲ್ಲಿ ಹೂತ ಚಕ್ಕಡಿಯೇ ಸರಿ. ಮೇಲಾಗಿ, ಕಲಿಯುವವರ ದೋಣಿ ಮಗುಚದೆ ಇರದು. ಮಗುಚಿದ್ದನ್ನು ಎತ್ತಿ ಮತ್ತೆ ಹತ್ತುವುದೇ ಈ ಆಟದ ಮೊದಲ ಪಾಠ. ಹೊಲಸು ನೀರಿನಲ್ಲಿ ಮುಳುಗಿ ಏಳಲಿ ಎಂದು ಯಾವ ತಾಯಿ ಮಗುವನ್ನು ಕಳಿಸಿಯಾಳು?

ಒಂದು ಕಾಲಕ್ಕೆ ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ಕೆರೆ ಇದು. ದಂಡೆಗೆ ದೀಪ ಹಾಕಿ, ಕಲ್ಲು ಹಾಸಿದ ಮಾತ್ರಕ್ಕೆ ಉದ್ಧಾರವಾಗದು. ಮಹಾನಗರ ಪಾಲಿಕೆ ಮೊದಲು ಗಟಾರದ ಬಾಯಿ ಕಟ್ಟಲಿ, ಅಂತರಗಂಗೆ ತಲೆ ಎತ್ತದಂತೆ ವರ್ಷವಿಡೀ ನೋಡಿಕೊಳ್ಳಲಿ. ಆಮೇಲೆ ನಾಲ್ಕು ದೋಣಿ, ಒಬ್ಬ ಬಲ್ಲ ಗುರು, ಕಾವಲಿಗೊಂದು ದೋಣಿ, ಮಕ್ಕಳಿಗೆಲ್ಲ ತೇಲುವ ಜಾಕೀಟು ಇದ್ದರೆ ಶುರು ಮಾಡಲು ಸಾಕು.

ಗಾಳಿ ಬಂದಾಗ ತೂರಿಕೋ ಅಂತಾರೆ ಹಿರಿಯರು. ಉಣಕಲ್ಲಿಗೆ ಗಾಳಿ ವರ್ಷ ವರ್ಷ ಬಂದು ಹೋಗುತ್ತಿದೆ. ತೂರುವವರೇ ಕಾಣರು.