ಗಡುವು ಯಾರದು, ಕೈ ಯಾರದು?

“ನಾಳೆ ಬೆಳಗಾಗುವುದರೊಳಗೆ ಸಿಲಿಂಡರ್ ಬೇಕು!” ಕಾಫಿ ಕೊಯ್ಲು ಬಂತೆಂದರೆ ಸೋಮವಾರಪೇಟೆಯ ವರ್ಕ್‌ಶಾಪುಗಳಿಗೆ ಬರುವ ಅಪ್ಪಣೆ ಇದು. ಟಿಪ್ಪರಿನ ಜಾಕ್ ಏಳುವುದಿಲ್ಲ. ಜೆಸಿಬಿಯ ಕೈ ಮಡಚಿ ನಿಂತಿದೆ. ಆ ಅಳತೆಯ ಭಾಗ ಅಂಗಡಿಯಲ್ಲಿ ಸಿಗದು, ಮಾಡಿಸಬೇಕು. ಮಾಡುವವರು ಮೈಸೂರಿನಲ್ಲೋ, ಇನ್ನೂರು ಕಿಲೋಮೀಟರಿಗೂ ಆಚೆಯ ಬೆಂಗಳೂರಿನ ಪೀಣ್ಯದಲ್ಲೋ ಇದ್ದಾರೆ. ಕೊಡಗಿಗೆ ರೈಲಿಲ್ಲ. ಆದರೂ ತಡವಾದರೆ ಕಾರ್ಮಿಕ ಸೋಮಾರಿ, ಅಂಗಡಿಯವ ಮೋಸಗಾರ! ಯಜಮಾನರ ಈ ವಾದವನ್ನು ನಾವು ಒಪ್ಪುವುದಿಲ್ಲ.

ಕೆಲಸವೇನೆಂದು ನೋಡಿ. ಕೊಳವೆಯ ಒಳವ್ಯಾಸ, ರಾಡಿನ ದಪ್ಪ, ಅದು ಓಡುವ ಉದ್ದ, ತಡೆಯಬೇಕಾದ ಒತ್ತಡ: ಒಂದು ತಪ್ಪಿದರೂ ಮಾಡಿದ್ದೆಲ್ಲ ಗುಜರಿಗೆ. ಒಳಮೈ ನುಣುಪಾಗಬೇಕು, ರಾಡಿಗೆ ಕ್ರೋಮ್ ಹಿಡಿಯಬೇಕು, ಸೀಲು ಕೂರಿಸಿ ಒತ್ತಡ ಕೊಟ್ಟು ಪರೀಕ್ಷಿಸಬೇಕು. ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಈ ಪರೀಕ್ಷೆಯೇ. 200 ಬಾರ್ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಎಣ್ಣೆ ಚರ್ಮ ಸೀಳಿ ಒಳಹೊಗುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ. ಕೂಡಲೇ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳೋ ಕೈಯೋ ಹೋದೀತು. ಉಳಿದ ಗಡುವು ಧಣಿಯದು, ಹೋದ ಕೈ ಮೆಕ್ಯಾನಿಕನದು!

ಹಣ ಕೊಡುವಾಗ ಈ ಅವಸರ ಎಲ್ಲಿಗೆ ಹೋಗುತ್ತದೆ? 2006ರ ಕೇಂದ್ರ ಕಾನೂನಿನಂತೆ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಸಲ್ಲಬೇಕಾದ ಹಣ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಬಡ್ಡಿ ಕೇಳಿದವನಿಗೆ ಮುಂದಿನ ಆರ್ಡರ್ ಸಿಗುವುದುಂಟೆ? ಸೀಲು, ಹೋಸು ಮಾರುವ ಚಿಲ್ಲರೆ ವ್ಯಾಪಾರಿಯ ಪಾಡು ಇನ್ನೂ ಕಷ್ಟ. 2021ರಲ್ಲಿ ವ್ಯಾಪಾರಿಗಳನ್ನು ಈ ಪಟ್ಟಿಗೆ ಸೇರಿಸಿದ್ದು ಬ್ಯಾಂಕ್ ಸಾಲದ ಸೌಲಭ್ಯಕ್ಕೆ ಮಾತ್ರ. ಬಾಕಿಯ ರಕ್ಷಣೆ ಅವನಿಗಿಲ್ಲ. ಸಾಲ ಮಾಡು, ಬಾಕಿ ಕೇಳಬೇಡ ಎಂಬುದೇ ಇದರ ಅರ್ಥ!

2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಕೊಡಗಿನ ರಸ್ತೆಗಳು ಮುಚ್ಚಿದಾಗ ಮಣ್ಣು ತೆಗೆಯಲು ಈ ಯಂತ್ರಗಳೇ ಬೇಕಾದವು. ಅಂಥ ದಿನ ಯಂತ್ರ ಕೆಟ್ಟರೆ ಭಾಗ ಯಾವ ದಾರಿಯಿಂದ ಬರಬೇಕು?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಮಳೆಗಾಲದಲ್ಲಿ ಯಂತ್ರ ನಿಂತಿರುವಾಗಲೇ ಅಳತೆ ತೆಗೆದು ನಕ್ಷೆ ಬರೆದಿಡಲಿ. ಆರ್ಡರಿನ ಜೊತೆಗೇ ಅರ್ಧ ಹಣ ಬರಲಿ. ಪರೀಕ್ಷೆಯಾಗದ ಭಾಗ ವರ್ಕ್‌ಶಾಪಿನ ಹೊಸ್ತಿಲು ದಾಟದಿರಲಿ. ಲೇತು, ಹೋಸ್ ಒತ್ತುವ ಯಂತ್ರ, ಪರೀಕ್ಷೆಯ ಪಂಪು ಇರುವ ಸಹಕಾರಿ ವರ್ಕ್‌ಶಾಪು ನಮ್ಮ ತಾಲ್ಲೂಕಿನಲ್ಲೇ ಆಗಲಿ.

ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ, ಒಬ್ಬೊಬ್ಬರೇ “ಆಗುವುದಿಲ್ಲ” ಎಂದರೆ ಆರ್ಡರ್ ಪಕ್ಕದ ಅಂಗಡಿಗೆ ಹೋಗುತ್ತದೆ. ಎಲ್ಲ ಅಂಗಡಿಗಳೂ ಒಟ್ಟಾಗಿ ಅಂದರೆ ಎಲ್ಲಿಗೆ ಹೋದೀತು?