ತಪಾಸಣೆ ದಿನ ಮಾತ್ರ ಹೊಸ ಬೆಡ್‌ಶೀಟ್

ನಮ್ಮ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಗುಣಮಟ್ಟ ತಪಾಸಣೆ ತಂಡ ಬಂದಿತ್ತು. ಗೋಡೆಗೆ ಬಣ್ಣ, ಮಂಚಕ್ಕೆ ಹೊಸ ಬೆಡ್‌ಶೀಟ್, ಡಾಕ್ಟರು ಒಂಬತ್ತಕ್ಕೇ ಹಾಜರ್. ಮರುವಾರ ಹೋದರೆ ಹನ್ನೊಂದಾದರೂ ಕುರ್ಚಿ ಖಾಲಿ. ಬಿಪಿ ಮಾತ್ರೆಗೆ ಬಂದ ಅಜ್ಜಿಗೆ 'ಹೊರಗಡೆ ತಗೊಳ್ಳಿ' ಅಂತ ಚೀಟಿ.

ಕೇಂದ್ರದ ಎನ್‌ಕ್ಯೂಎಎಸ್ ಪ್ರಮಾಣಪತ್ರ ಸಿಕ್ಕರೆ 3 ವರ್ಷ ಚಾಲ್ತಿ. ತಂಡ ದಾಖಲೆ ನೋಡುತ್ತದೆ, ರೋಗಿಗಳನ್ನೂ ಮಾತಾಡಿಸುತ್ತದೆ. ಆದರೆ ದಿನಾಂಕ ಮೊದಲೇ ಗೊತ್ತಿದ್ದರೆ ಕಾಣುವುದು ಆ ಒಂದು ದಿನದ ಆಸ್ಪತ್ರೆ.

ಉಳಿದ ದಿನ ನೋಡಬೇಕಾದವರು ನಾವೇ. ಅದಕ್ಕೆಂದೇ ಆರೋಗ್ಯ ರಕ್ಷಾ ಸಮಿತಿ ಇದೆ. ನಿಮ್ಮೂರಿನ ಸದಸ್ಯರು ಯಾರು, ಕೊನೆಯ ಸಭೆ ಯಾವಾಗ ಆಯ್ತು ಕೇಳಿ. ಡಾಕ್ಟರ ಜೊತೆ ಜಗಳ ಬೇಡ, ಇರುವವರು ಒಬ್ಬರೇ. ಇಲ್ಲದ ಮಾತ್ರೆಯ ಹೆಸರು, ತಾರೀಖು ಬರೆದಿಟ್ಟುಕೊಂಡು ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿ. ಬಾಯಿಮಾತು ಮರೆತುಹೋಗುತ್ತದೆ, ಬರೆದದ್ದಕ್ಕೆ ಉತ್ತರ ಕೇಳಬಹುದು.