ಜಗಳ ಕನ್ನಡದಲ್ಲಿ, ಗರ್ಜನೆ ಹಿಂದಿಯಲ್ಲಿ

ಕೊಡಿಗೇಹಳ್ಳಿಯ ನಮ್ಮ ಬೀದಿಯಲ್ಲಿ ಸಂಜೆಯಾದರೆ ಎರಡು ಲೋಕಗಳ ನಡುವೆ ಯುದ್ಧ. ಒಂದು ಕಡೆ ಮಾರ್ವೆಲ್‌ನವರು, ಇನ್ನೊಂದು ಕಡೆ ಡಿಸಿಯವರು. ಮನೆಯೊಳಗೆ ದಖನಿ, ತೆಲುಗು, ತಮಿಳು, ಕನ್ನಡ ಆಡುವ ಮಕ್ಕಳು. 'ನೀನು ಔಟು ಕಣೋ', 'ನಾನ್ ಸಾಯಲ್ಲ ಹೋಗೋ' ಎಂಬ ತಕರಾರೆಲ್ಲ ಕನ್ನಡದಲ್ಲೇ. ಆದರೆ ವೀರನಾಗಿ ಅಬ್ಬರಿಸುವ ಗಳಿಗೆ ಬಂತೋ, ಭಾಷೆ ಬದಲಾಗುತ್ತದೆ. ಇಂಗ್ಲಿಷ್, ಇಲ್ಲವೇ ಹಿಂದಿ. 'ಅದನ್ನೂ ಕನ್ನಡದಲ್ಲಿ ಕೂಗೋ' ಎಂದರೆ ಪಕ್ಕದ ಮನೆಯ ಹುಡುಗ ನಕ್ಕುಬಿಟ್ಟ: 'ಅಂಕಲ್, ಕಾಮಿಡಿ ಆಗುತ್ತೆ.'

ಕನ್ನಡ ಜಗಳಕ್ಕೆ ಸಾಕು, ಶೌರ್ಯಕ್ಕೆ ಸಾಲದು ಎಂದು ಈ ಮಗುವಿಗೆ ಕಲಿಸಿದವರು ಯಾರು? ಕನ್ನಡವನ್ನು ಕಾಯುತ್ತೇವೆಂದು ಹೊರಟ ದೊಡ್ಡವರೇ ಎಂಬುದು ನಮ್ಮ ಆರೋಪ.

ಚಿತ್ರಕಥೆಗಳ ವಿಷಯದಲ್ಲಿ ಕನ್ನಡ ಹಿಂದೆ ಬಿದ್ದಿರಲಿಲ್ಲ. ಅಮರ ಚಿತ್ರ ಕಥೆ ಮೊದಲು ಬಂದದ್ದೇ ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ. ಆ ಮೊದಲ ಹತ್ತು ಪುಸ್ತಕಗಳು ಸಿಂಡ್ರೆಲಾ, ಅಲ್ಲಾವುದ್ದೀನರಂಥ ಹೊರಗಿನವರ ಕಥೆಗಳು. ಇಂಗ್ಲಿಷಿನ ಸರಣಿ ಹನ್ನೊಂದನೆಯ ಸಂಖ್ಯೆಯಿಂದ ಶುರುವಾಗಲು ಅದೇ ಕಾರಣ. 'ಸುಧಾ'ದಲ್ಲಿ ಫ್ಯಾಂಟಮ್ ಕನ್ನಡ ಮಾತಾಡಿದಾಗ ನಾವ್ಯಾರೂ ನಗಲಿಲ್ಲ. ಮುಂದಿನ ವಾರಕ್ಕೆ ಕಾದೆವು.

ಕಾಗದದ ಮೇಲೆ ತೆರೆದಿದ್ದ ಬಾಗಿಲು ಬೆಳ್ಳಿತೆರೆಯಲ್ಲಿ ಮುಚ್ಚಿತು. 1960ರ ದಶಕದಲ್ಲಿ ಡಬ್ಬಿಂಗ್ ವಿರೋಧಕ್ಕೆ ಕಾರಣವಿತ್ತು; ಕನ್ನಡ ಚಿತ್ರೋದ್ಯಮ ಆಗ ಎಳೆಗೂಸು. ಆದರೆ ಕೂಸು ಬೆಳೆದು ದೊಡ್ಡದಾದ ಮೇಲೂ ತೊಟ್ಟಿಲಿಗೆ ಕಾವಲೇಕೆ? ಐರನ್ ಮ್ಯಾನ್‌ನನ್ನು ಗಾಂಧಿನಗರದಲ್ಲಿ ಯಾರೂ ರೀಮೇಕ್ ಮಾಡುವವರಿರಲಿಲ್ಲ. ಅವನು ಕನ್ನಡ ಮಾತಾಡಿದ್ದರೆ ಯಾರ ಅನ್ನ ಹೋಗುತ್ತಿತ್ತು? ನಾಲ್ಕು ಜನ ಸಂಭಾಷಣೆಕಾರರಿಗೆ, ಹತ್ತು ಜನ ಕಂಠದಾನ ಕಲಾವಿದರಿಗೆ ಕೆಲಸವಾಗುತ್ತಿತ್ತು, ಅಷ್ಟೆ.

2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ಕಾನೂನುಬಾಹಿರವೆಂದು ಹೇಳಿತು. ಆದರೂ 2019ರಲ್ಲಿ 'ಅವೆಂಜರ್ಸ್: ಎಂಡ್‌ಗೇಮ್' ಬಂದದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ವೀರರೆಲ್ಲ ಒಂದಾಗುವ ಆ ಕೂಗನ್ನು ನಮ್ಮ ಬೀದಿಯ ಮಕ್ಕಳು ಬೇರೆಯವರ ಭಾಷೆಯಲ್ಲೇ ಬಾಯಿಪಾಠ ಮಾಡಿದರು. ಅಪ್ಪಟ ಭಾರತೀಯ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್ 2004ರಲ್ಲೇ ಕಾಮಿಕ್ಸ್‌ನಲ್ಲಿ ಹುಟ್ಟಿದವನು. ತೆರೆಯ ಮೇಲೆ ಅವನ ಬಾಯಿಂದ ಕನ್ನಡ ಕೇಳಲು 2023ರವರೆಗೆ ಕಾಯಬೇಕಾಯಿತು.

ವ್ಯಾಪಾರದಲ್ಲಿ ಹಾವು ಮುಂಗುಸಿಯಂತಿರುವ ಆ ಎರಡು ಕಂಪನಿಗಳನ್ನೇ ನೋಡಿ. 1976ರಲ್ಲಿ ಸೂಪರ್‌ಮ್ಯಾನನೂ ಸ್ಪೈಡರ್‌ಮ್ಯಾನನೂ ಒಂದೇ ಪುಸ್ತಕದಲ್ಲಿ ಎದುರಾದರು. 2010ರಲ್ಲಿ ಕುವೈತಿನ ನೈಫ್ ಅಲ್ ಮುತವ್ವಾ ಸೃಷ್ಟಿಸಿದ, ಅಲ್ಲಾಹನ 99 ನಾಮಗಳ ಗುಣಗಳಿಂದ ಪ್ರೇರಿತರಾದ 'ದಿ 99' ವೀರರು ಡಿಸಿಯ ವೀರರ ಜೊತೆ ಹೆಗಲು ಕೊಟ್ಟರು. ಇದರಿಂದ ಯಾರ ಲೋಕವೂ ಮುಳುಗಲಿಲ್ಲ.

ನಾವು ಉರ್ದುವಿನಲ್ಲಿ ಓದಿದ ಅಮೀರ್ ಹಮ್ಜಾನ ದಾಸ್ತಾನಿನ ಬೇರು ಫಾರಸಿಯಲ್ಲಿದೆ. ಅದನ್ನು ಉರ್ದುವಿನಲ್ಲಿ 46 ಸಂಪುಟಗಳಾಗಿ ಹೊರತಂದದ್ದು ಲಖನೌದ ಮುನ್ಷಿ ನವಲ್ ಕಿಶೋರ್ ಮುದ್ರಣಾಲಯ. ಪರದೇಶದ ವೀರ ಬಂದನೆಂದು ಉರ್ದು ಸಾಯಲಿಲ್ಲ, ಬೆಳೆಯಿತು.

ನಾವು ಕೇಳುವುದಿಷ್ಟೆ. ಈ ವೀರರು ಹೇಗೂ ನಮ್ಮ ಬೀದಿಗೆ ಬಂದಾಗಿದೆ. ಇನ್ನು ಮುಂದೆ ಬರುವಾಗಲೆಲ್ಲ ಕನ್ನಡದಲ್ಲಿ ಬರಲಿ. ನಮ್ಮ ಕಥೆಗಾರರು ಅವರ ಬಾಯಿಗೆ ನಗೆಪಾಟಲಾಗದ, ಮೈ ನವಿರೇಳಿಸುವ ಕನ್ನಡ ಬರೆದುಕೊಡಲಿ. ಪಕ್ಕದ ಮನೆಯ ಹುಡುಗ ಗಂಟಲು ಹರಿಯುವಂತೆ ಕನ್ನಡದಲ್ಲಿ ಕೂಗುವ ಸಂಜೆಯನ್ನು ನಾವು ಈ ಬೀದಿಯಲ್ಲೇ ಕಾಣಬೇಕಾಗಿದೆ.